ಪದಚರ್ಚೆ: ‘ಗಾಢ’ ಬಣ್ಣ ಎಂದರೆ ಕಪ್ಪು ಕೂಡಿದ್ದೋ, ರಂಗು ತುಂಬಿದ್ದೋ?

ಮಾನ್ಯರೇ,

ಬಾಗಲಕೋಟೆಯ ನವನಗರದಲ್ಲಿ ರವಿವಾರ ಮುಂಜಾನೆ ನಮ್ಮ ಓಣಿಯ ಹತ್ತು-ಹನ್ನೆರಡು ಮಕ್ಕಳಿಗೆ ಚಿತ್ರ ತೆಗೆಯುವುದನ್ನು ಕಲಿಸುತ್ತೇನೆ. ದಿನಕ್ಕೊಂದು ಚಿಕ್ಕ ಚಿತ್ರವನ್ನು ಅವರು ತಮ್ಮ ವಹಿಯಲ್ಲಿ ತೆಗೆಯಬೇಕು, ಮನೆಯಲ್ಲಿ ಹೊಲದಲ್ಲಿ ಕಂಡದ್ದರ ಬಣ್ಣವನ್ನು ತಾವೇ ಬೆರೆಸಿ ಹಿಡಿಯಲು ನೋಡಬೇಕು ಎಂಬುದಷ್ಟೇ ನಮ್ಮ ಕಟ್ಟಳೆ. ಈ ವರ್ಷ ಅವರಿಗಾಗಿ ಬಣ್ಣ ಬೆರೆಸುವುದರ ಕುರಿತು ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿಯೇ ಬರೆಯಲು ತೊಡಗಿದ್ದೇನೆ. ಬರವಣಿಗೆ ಮೂರನೆಯ ಪುಟದಲ್ಲಿ ನಿಂತಿರುವುದು ವಿಷಯ ತಿಳಿಯದೆ ಅಲ್ಲ, ಮಾತು ಸಾಲದೆ. ಅದಕ್ಕಾಗಿ ತಮ್ಮೆಲ್ಲರ ನೆರವನ್ನು ಕೇಳುತ್ತಿದ್ದೇನೆ.

ತೊಡಕು ಎದ್ದದ್ದು ಒಂದೇ ಶಬ್ದದಿಂದ. “ಈ ಕೆಂಪನ್ನು ಇನ್ನಷ್ಟು ಗಾಢ ಮಾಡಿರಿ” ಎಂದು ಒಂದು ದಿನ ಹೇಳಿದೆ. ಅರ್ಧ ಮಕ್ಕಳು ಕೆಂಪಿಗೆ ಕಪ್ಪನ್ನು ಕೂಡಿಸಿ ಒಣಗಿದ ರಕ್ತದಂತಹ ಬಣ್ಣವನ್ನು ತಂದರು. ಉಳಿದವರು ನೀರನ್ನು ಕಡಿಮೆ ಮಾಡಿ, ಅದೇ ಕೆಂಪನ್ನು ಎರಡು ಮೂರು ಸಲ ಹಚ್ಚಿ, ಮಾರವಾಡಿ ಅಂಗಡಿಯ ಕುಂಕುಮದಂತೆ ಉರಿಯುವ ಬಣ್ಣವನ್ನು ತಂದರು. “ಅಕ್ಕೋರ, ಗಾಢ ಅಂದ್ರಿ, ಅದಕ್ಕ ಕರೇ ಬಣ್ಣ ಕೂಡಿಸೀನ್ರಿ” ಎಂದು ಒಬ್ಬಳು ಹೇಳಿದರೆ, “ನಾ ನೀರ ಹಾಕಲಾರದ ದಪ್ಪಗ ಹಚ್ಚೀನ್ರಿ” ಎಂದು ಇನ್ನೊಬ್ಬ ಹೇಳಿದ. ಇಬ್ಬರಲ್ಲಿ ಯಾರನ್ನೂ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಸ್ಕೃತದಲ್ಲಿ ‘ಗಾಢ’ ಎಂಬುದು ಮುಳುಗುವುದೆಂಬ ಅರ್ಥದ ‘ಗಾಹ್’ ಧಾತುವಿನಿಂದ ಬಂದದ್ದು. ಗಾಢನಿದ್ರೆ, ಗಾಢಸ್ನೇಹ, ಗಾಢಾಂಧಕಾರ ಎಲ್ಲದರಲ್ಲೂ ಆಳ ಮತ್ತು ದಟ್ಟಣೆಯ ಅರ್ಥವಿದೆ. ಆಳಕ್ಕೆ ಇಳಿದದ್ದು ಕತ್ತಲೆಯೂ ಆಗಬಹುದು, ತುಂಬಿದ್ದೂ ಆಗಬಹುದು. ಆದರೆ ಕುಂಚ ಹಿಡಿದವನಿಗೆ ಇವೆರಡೂ ಪೂರ್ತಿ ಬೇರೆ ಬೇರೆ ಕೆಲಸಗಳು.

ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರ ಹೊತ್ತಿಗೆ ಬಣ್ಣವನ್ನು ಮೂರು ಅಳತೆಗಳಲ್ಲಿ ಗುರುತಿಸುವ ಕ್ರಮವನ್ನು ಮುಂದಿಟ್ಟರು: ಅದು ಕೆಂಪೋ ನೀಲಿಯೋ ಎಂಬ ಹ್ಯೂ, ಅದು ಬಿಳುಪಿಗೆ ಹತ್ತಿರವೋ ಕಪ್ಪಿಗೆ ಹತ್ತಿರವೋ ಎಂಬ ವ್ಯಾಲ್ಯೂ, ಬೂದುತನದಿಂದ ಅದು ಎಷ್ಟು ದೂರ ನಿಂತಿದೆ ಎಂಬ ಕ್ರೋಮಾ. ಇದರ ಜೊತೆಗೆ ಬಿಳಿ ಕೂಡಿಸಿದರೆ ಟಿಂಟ್, ಕಪ್ಪು ಕೂಡಿಸಿದರೆ ಶೇಡ್, ಬೂದು ಕೂಡಿಸಿದರೆ ಟೋನ್ ಎಂದು ಚಿತ್ರಶಾಲೆಗಳಲ್ಲಿ ಕಲಿಸುತ್ತಾರೆ. ಇವೆಲ್ಲವಕ್ಕೂ ಕನ್ನಡದಲ್ಲಿ ನಾನು ಓದಿದ ಬರಹಗಳಲ್ಲಿ ಹೆಚ್ಚಾಗಿ ಸಿಕ್ಕದ್ದು ‘ಛಾಯೆ’ ಎಂಬ ಒಂದೇ ಶಬ್ದ. ಛಾಯೆ ಎಂದರೆ ನೆರಳು ಎಂದು ಮೊದಲೇ ಅರಿತ ಮಗು, ‘ಹಳದಿಯ ಛಾಯೆಗಳು’ ಎಂಬ ತಲೆಬರಹದ ಕೆಳಗೆ ಬಾಳೆಹಣ್ಣಿನ ಚಿತ್ರ ತೆಗೆದು ಅದರ ಅಡಿಗೆ ಪೆನ್ಸಿಲ್ಲಿನಿಂದ ನೆರಳನ್ನು ಗೀಚುತ್ತದೆ. ಇದು ನನ್ನ ತರಗತಿಯಲ್ಲಿ ನಡೆದದ್ದೇ. ಆದ್ದರಿಂದ ಕೈಪಿಡಿಯಲ್ಲಿ ‘ಛಾಯೆ’ಯನ್ನು ನೆರಳಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದೇನೆ.

ಉಳಿದ ಕೆಲಸಕ್ಕೆ ಕನ್ನಡದ ಬಣ್ಣಗಳ ಮುಂದೆ ಬಂದು ಕೂಡುವ ಚಿಕ್ಕ ಮಾತುಗಳೇ ಸಾಕಾದಾವೇನೋ ಎಂದು ಹುಡುಕುತ್ತ ಹೋದಾಗ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಅವು ಒಂದಕ್ಕೊಂದು ಬದಲಿ ಶಬ್ದಗಳಲ್ಲ. ‘ತಿಳಿ’ಯನ್ನು ನೋಡಿರಿ. ತಿಳಿನೀರು, ತಿಳಿಸಾರು ಎನ್ನುವಾಗ ಗಸಿ ಕೆಳಗಿಳಿದು ತಳ ಕಾಣುವಂತಾದ ಸ್ಥಿತಿಯನ್ನು ಅದು ಹೇಳುತ್ತದೆ. ಜಲವರ್ಣದಲ್ಲಿ ನೀಲಿಗೆ ನೀರು ಹೆಚ್ಚಿಸಿದಾಗ ಆಗುವುದು ಅದೇ: ಬಣ್ಣ ತೆಳುವಾಗಿ ಕಾಗದದ ಬಿಳುಪು ಅದರೊಳಗಿಂದ ಕಾಣುತ್ತದೆ. ಪೋಸ್ಟರ್ ಬಣ್ಣದ ನೀಲಿಗೆ ಬಿಳಿಯನ್ನು ಕೂಡಿಸಿದಾಗ ಆಗುವುದು ಅದಲ್ಲ. ಅಲ್ಲಿ ಬಣ್ಣ ಹಾಲು ಬೆರೆತಂತಾಗಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಎರಡನ್ನೂ ನಾವು ‘ತಿಳಿನೀಲಿ’ ಎನ್ನುತ್ತಿದ್ದೇವೆ. ನೀರಿನಿಂದ ಇಳಿದದ್ದಕ್ಕೆ ‘ತಿಳಿ’ಯನ್ನೂ, ಬಿಳಿಯಿಂದ ಇಳಿದದ್ದಕ್ಕೆ ‘ಹಾಲುನೀಲಿ’, ‘ಹಾಲುಹಸಿರು’ ಎಂಬಂತೆ ‘ಹಾಲು’ ಎಂಬುದನ್ನೂ ಬಳಸಿದರೆ ಕಿವಿಗೆ ಒಪ್ಪೀತೇ? ‘ಕೆನೆ’ ಎನ್ನಬಹುದಿತ್ತು, ಆದರೆ ಕೆನೆಬಣ್ಣ ಎಂದರೆ ಹಳದಿಯ ಕಡೆಗೆ ಬಾಗಿದ ಬಿಳುಪು ಎಂಬುದು ಈಗಾಗಲೇ ರೂಢಿಯಾಗಿದೆ.

‘ನಸು’ ಎಂಬುದು ಅಳತೆಯ ಮಾತು, ಸ್ವಲ್ಪ ಎಂದರ್ಥ. ನಸುನಗೆಯಲ್ಲಿ ನಗೆ ಸ್ವಲ್ಪ, ನಸುಗೆಂಪಿನಲ್ಲಿ ಕೆಂಪು ಸ್ವಲ್ಪ. ಏನನ್ನು ಕೂಡಿಸಿ ಹಾಗಾಯಿತೆಂದು ಅದು ಹೇಳುವುದಿಲ್ಲ. ‘ಎಳೆ’ ಹಾಗಲ್ಲ. ಎಳೆಹಸಿರು ಕೇವಲ ಬೆಳಕಾದ ಹಸಿರಲ್ಲ, ಅದು ಹಳದಿಯ ಕಡೆಗೆ ಸರಿದ ಹಸಿರು, ಬೇವಿನ ಚಿಗುರಿನದು. ಬರಿಯ ಬಿಳಿ ಕೂಡಿಸಿ ಎಳೆಹಸಿರನ್ನು ತರಲಾಗುವುದಿಲ್ಲ, ಹಳದಿಯನ್ನು ಕೂಡಿಸಬೇಕು. ಹಾಗೆಯೇ ಎಳೆಬಿಸಿಲು ನಡುಹಗಲಿನ ಬಿಸಿಲಿಗಿಂತ ಹೊನ್ನಿನ ಕಡೆಗಿರುತ್ತದೆ. ‘ಎಳೆನೀಲಿ’ ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ, ಬಹುಶಃ ನೀಲಿಯಾಗಿ ಚಿಗುರುವ ವಸ್ತು ನಮ್ಮ ಹೊಲಗಳಲ್ಲಿ ಕಡಿಮೆ ಇರುವುದರಿಂದ. ನೇಕಾರರ ಮನೆಯ ಹುಡುಗನೊಬ್ಬ ಎಳೆಹಸಿರು ಎಂದಾಗ ಹಸಿರು ನೂಲಿನ ಎಳೆ ಎಂದೇ ತಿಳಿದ. ಇಳಕಲ್ಲು, ಗುಳೇದಗುಡ್ಡಗಳ ಜಿಲ್ಲೆಯಲ್ಲಿ ಈ ಗೊಂದಲ ಸಹಜ, ಕೈಪಿಡಿಯಲ್ಲಿ ಒಂದು ಸಾಲು ವಿವರಣೆ ಕೊಡಬೇಕಾಗುತ್ತದೆ.

ನನ್ನ ಮುಖ್ಯ ಪ್ರಶ್ನೆಯ ಹತ್ತಿರಕ್ಕೆ ಬರುವುದು ‘ಕಡು’ ಮತ್ತು ‘ಅಚ್ಚ’. ಕಡುಗಪ್ಪು, ಕಡುನೀಲಿ ಎಂದರೆ ಕತ್ತಲೆಯ ಕಡೆಗೆ ಹೋದದ್ದು. ಅಚ್ಚಗನ್ನಡದ ‘ಅಚ್ಚ’ ಬೆರಕೆಯಿಲ್ಲದ್ದನ್ನು ಹೇಳುತ್ತದೆ; ಅಚ್ಚಗೆಂಪು ಎಂದರೆ ಬೂದು ಬೆರೆಯದ, ತನ್ನ ಪೂರ್ತಿ ತುಂಬಿನಲ್ಲಿರುವ ಕೆಂಪು. ಹಾಗಾದರೆ ನನ್ನ ಮಕ್ಕಳಲ್ಲಿ ಮೊದಲಿನವಳು ಮಾಡಿದ್ದು ಕಡುಗೆಂಪು, ಎರಡನೆಯವನು ಮಾಡಿದ್ದು ಅಚ್ಚಗೆಂಪು. ಇಷ್ಟು ಸ್ಪಷ್ಟವಾದ ಜೋಡಿ ಮನೆಯಲ್ಲೇ ಇರುವಾಗ ಎರಡನ್ನೂ ‘ಗಾಢ’ದೊಳಗೆ ಹಾಕಿ ಕಳೆದುಕೊಳ್ಳುವುದು ಏಕೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಕಡುಕೋಪ, ಕಡುಬಡವ ಎನ್ನುವಾಗ ‘ಕಡು’ವಿಗೆ ಕತ್ತಲೆಯ ಅರ್ಥವಿಲ್ಲ, ತೀವ್ರತೆಯ ಅರ್ಥವಿದೆ. ಹೀಗಾಗಿ ಕಡುಗೆಂಪು ಎಂದಾಗ ತಮ್ಮ ಕಣ್ಣ ಮುಂದೆ ಬರುವುದು ಯಾವ ಕೆಂಪು ಎಂದು ತಿಳಿಯಬೇಕಾಗಿದೆ. ಇನ್ನು ‘ಹಚ್ಚಹಸಿರು’. ಇದರ ‘ಹಚ್ಚ’ವನ್ನು ಕೆಲವರು ‘ಅಚ್ಚ’ವೆಂದೇ ತಿಳಿಯುತ್ತಾರೆ, ಆದರೆ ಹಳಗನ್ನಡದ ಪಕಾರ ಮುಂದೆ ಹಕಾರವಾದದ್ದನ್ನು ನೆನೆದರೆ, ‘ಪಸುರ್’ ಹಸಿರಾದಂತೆ ಹಸಿರೆಂಬ ಅರ್ಥದ ‘ಪಚ್ಚ’ ಹಚ್ಚವಾಗಿದೆ ಎಂದು ನನಗೆ ತೋರುತ್ತದೆ. ‘ಹಚ್ಚಗೆಂಪು’ ಎಂದು ಯಾರೂ ಅನ್ನದಿರುವುದೂ ಇದಕ್ಕೇ ಇರಬೇಕು.

ಬಣ್ಣದ ಮುಂದೆ ಕೂಡುವ ಈ ಮಾತುಗಳು ಕೈಕೊಡುವ ಒಂದು ಜಾಗವನ್ನು ಮಕ್ಕಳೇ ತೋರಿಸಿಕೊಟ್ಟರು. ಎಲ್ಲ ಬಣ್ಣಗಳಿಗೂ ಸರದಿಯಂತೆ ಒಂದೊಂದು ಹನಿ ಕಪ್ಪನ್ನು ಕೂಡಿಸುತ್ತ ಹೋದಾಗ ನೀಲಿ ಕಡುನೀಲಿಯಾಯಿತು, ಹಸಿರು ಕಡುಹಸಿರಾಯಿತು, ಆದರೆ ಹಳದಿಗೆ ಕಪ್ಪು ಬಿದ್ದೊಡನೆ ಅದು ಹಸಿರಿನ ಕಡೆಗೆ ತಿರುಗಿ ಹಳೆಯ ಬಾವಿಯ ಪಾಚಿಯಂತಾಯಿತು. ಅದನ್ನು ಯಾವ ಮಗುವೂ ‘ಕಡುಹಳದಿ’ ಎನ್ನಲಿಲ್ಲ, ‘ಪಾಚಿ ಬಣ್ಣ’ ಎಂದಿತು. ಕಡುಹಳದಿ ಎಂದು ಕೇಳಿದರೆ ನಾವೆಲ್ಲ ನೆನೆಯುವುದು ಕಪ್ಪು ಕೂಡಿದ ಹಳದಿಯನ್ನಲ್ಲ, ಚೆಂಡುಹೂವಿನ ಕಡೆಗೆ ಹೋದ ಹಳದಿಯನ್ನು. ಕಪ್ಪು ಕೂಡಿದ್ದಕ್ಕೆಲ್ಲ ‘ಕಡು’ ಎಂಬ ಸೂತ್ರವನ್ನು ಬರೆದಿಟ್ಟಿದ್ದ ಪುಟವನ್ನು ನಾನು ಅಂದೇ ಹೊಡೆದುಹಾಕಿದೆ.

ಬೆರೆತು ಕೆಟ್ಟ ಬಣ್ಣಕ್ಕೆ ಮಾತ್ರ ನಮಗೆ ಹುಡುಕಾಟವೇ ಬೇಕಾಗಲಿಲ್ಲ. “ಅಕ್ಕೋರ, ಬಣ್ಣ ರಾಡಿ ಆತ್ರಿ” ಎಂದು ಮೊದಲ ದಿನವೇ ಕೇಳಿದೆ. ಮಳೆಗಾಲದ ಎರಿಭೂಮಿಯ ದಾರಿಯಲ್ಲಿ ಕಾಲಿಟ್ಟವರಿಗೆ ರಾಡಿಯ ಅರ್ಥ ಹೇಳಬೇಕಾಗಿಲ್ಲ. ಅಲ್ಟ್ರಾಮರೀನ್ ನೀಲಿಯಲ್ಲಿ ಸ್ವಲ್ಪ ಕೆಂಪಿನ ಒಲವಿದೆ. ಅದಕ್ಕೆ ಕೆಂಪಿನ ಒಲವಿರುವ ಹಳದಿಯನ್ನು ಕೂಡಿಸಿದರೆ ಮೂರೂ ಮೂಲಬಣ್ಣಗಳು ಒಂದೆಡೆ ಸೇರಿ ಹಸಿರು ರಾಡಿಯಾಗುತ್ತದೆ. ಹಸಿರಿನ ಒಲವಿರುವ ಪ್ರಷಿಯನ್ ಬ್ಲೂಗೆ ಲೆಮನ್ ಯೆಲ್ಲೋ ಕೂಡಿಸಿದರೆ ಅಚ್ಚಹಸಿರು ಬರುತ್ತದೆ. ‘ರಾಡಿ’ಯನ್ನು ಕೈಪಿಡಿಯಲ್ಲಿ ಹಾಗೆಯೇ ಇಡುತ್ತೇನೆ, ದಕ್ಷಿಣದ ಓದುಗರಿಗಾಗಿ ಪಕ್ಕದಲ್ಲಿ ‘ಕೆಸರು’ ಎಂದು ಬರೆಯುತ್ತೇನೆ.

ಈಗ ನನ್ನ ಮುಖ್ಯ ಸೂಚನೆ. ಕ್ರೋಮಾ ಎಂಬುದಕ್ಕೆ ‘ಅಚ್ಚತನ’ ಎಂದು ಮಾಡಿಕೊಳ್ಳಬಹುದು, ಆದರೆ ಅದು ಬಾಯಲ್ಲಿ ಆಡುವ ಮಾತಾಗಲಿಲ್ಲ. ಕನ್ನಡದಲ್ಲಿ ಬಣ್ಣವೂ ಇದೆ, ರಂಗೂ ಇದೆ. ಇವೆರಡನ್ನೂ ಒಂದೇ ಎನ್ನುತ್ತೇವೆ, ಆದರೆ ಬಳಕೆಯನ್ನು ಗಮನಿಸಿದರೆ ‘ರಂಗು’ ಹೆಚ್ಚು-ಕಡಿಮೆ ಆಗುವ ವಸ್ತು. ರಂಗೇರುತ್ತದೆ, ರಂಗು ಇಳಿಯುತ್ತದೆ, ಹಬ್ಬಕ್ಕೆ ರಂಗು ಬರುತ್ತದೆ. ‘ಬಣ್ಣೇರಿತು’ ಎಂದು ನಾವು ಹೇಳುವುದಿಲ್ಲ. ಆದ್ದರಿಂದ ಕೆಂಪು, ನೀಲಿ ಎಂಬ ಗುರುತಿಗೆ ‘ಬಣ್ಣ’ವನ್ನೂ, ಅದರ ತುಂಬಿಗೆ ‘ರಂಗು’ವನ್ನೂ ಹಂಚಿಕೊಟ್ಟು, “ಇದರ ಬಣ್ಣ ಕೆಂಪೇ, ಆದರೆ ರಂಗು ಕಡಿಮೆ, ಇನ್ನಷ್ಟು ರಂಗೇರಿಸು” ಎಂದು ಹೇಳಿ ನೋಡಿದೆ. ಮಕ್ಕಳು ಕ್ಷಣವೂ ತಡೆಯದೆ ಕಪ್ಪಿನ ಡಬ್ಬಿಯನ್ನು ಬಿಟ್ಟು ಕೆಂಪಿನ ಡಬ್ಬಿಗೆ ಕುಂಚ ಹಾಕಿದರು. ಆದರೆ ಬೆಳಗಾವಿಯಲ್ಲಿರುವ ನಮ್ಮ ವೈನಿ (ಅತ್ತಿಗೆ) ಇದನ್ನು ಒಪ್ಪುವುದಿಲ್ಲ. ಮರಾಠಿಯಲ್ಲಿ ಬಣ್ಣಕ್ಕೆ ‘ರಂಗ’ ಎಂದೇ ಅನ್ನುವುದರಿಂದ, ಎರಡೂ ಭಾಷೆ ಆಡುವ ಅವರ ಓಣಿಯಲ್ಲಿ ಈ ಭೇದ ನಿಲ್ಲಲಾರದು ಎನ್ನುತ್ತಾರೆ. ಅಲ್ಲಿಯ ಬಟ್ಟೆ ಅಂಗಡಿಗಳಲ್ಲಿ ‘ಫಿಕ್ಕ’, ‘ಗಡದ’, ‘ಭಡಕ’ ಎಂಬ ಮೂರು ಮಾತುಗಳು ಸಲೀಸಾಗಿ ನಡೆಯುತ್ತವೆ: ಬೆಳಕಿನದು, ಕತ್ತಲೆಯದು, ಕಣ್ಣಿಗೆ ಹೊಡೆಯುವಷ್ಟು ತುಂಬಿದ್ದು. ಅಂಗಡಿಯವನಿಗೆ ಗೊತ್ತಿರುವ ಈ ಭೇದ ನಮ್ಮ ಗ್ರಂಥದ ಕನ್ನಡದಲ್ಲಿ ಏಕೆ ಮಾಯವಾಗಿದೆ ಎಂಬುದು ಅವರ ಪ್ರಶ್ನೆ, ಅದು ನ್ಯಾಯವಾದದ್ದೇ. ‘ರಂಗು’ ಎಂದರೆ ನಾಟಕದ ರಂಗವೂ ಮನಸ್ಸಿಗೆ ಬರುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಅಷ್ಟು ಲೆಕ್ಕಕ್ಕೆ ಹಿಡಿದಿಲ್ಲ.

ಏರಿಳಿತದ ಈ ಲೆಕ್ಕವನ್ನೇ ಇಟ್ಟುಕೊಳ್ಳದೆ, ಪ್ರತಿ ಮೆಟ್ಟಿಲಿಗೂ ಒಂದು ವಸ್ತುವಿನ ಹೆಸರನ್ನು ಕೊಡುವ ದಾರಿಯೂ ನಮ್ಮಲ್ಲಿದೆ. ಮದುವೆಯ ಇಳಕಲ್ ಸೀರೆಯ ಕೆಂಪಿಗೆ ಗಿರಿಕುಂಕುಮ ಎಂಬ ತನ್ನದೇ ಹೆಸರಿದೆ. ಕರಿಯ ಸೀರೆ ಬರಿಯ ಕರಿಯದಲ್ಲ, ಚಂದ್ರಕಾಳಿ. ಮಕ್ಕಳಿಗೆ ಹುಮ್ಮಸ್ಸು ಬರುವುದು ಇಂತಹ ಹೆಸರುಗಳಿಂದಲೇ. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ, ಕುಸುಬಿ ಹೂವಿನ ಬಣ್ಣ, ಮಸಾರಿ ಮಣ್ಣಿನ ಬಣ್ಣ ಎಂದು ದಿನಕ್ಕೊಂದನ್ನು ವಹಿಯಲ್ಲಿ ಬೆರೆಸಿ ಹಚ್ಚಿ ಹೆಸರು ಬರೆಯುತ್ತಾರೆ. ಒಮ್ಮೆ ‘ಬಾದಾಮಿ ಬಣ್ಣ’ ಹಚ್ಚಿರಿ ಎಂದಾಗ ಬಾದಾಮಿ ಬೀಜದ ಕಂದುಬಣ್ಣವನ್ನು ನಾನು ನೆನೆದಿದ್ದರೆ, ಅವರೆಲ್ಲ ಬಾದಾಮಿ ಊರಿನ ಬಂಡೆಯ ಕೆಂಪನ್ನು ಹಚ್ಚಿ ತಂದರು. ಈ ಜಿಲ್ಲೆಯಲ್ಲಿ ಅದೇ ಸರಿ ಎಂದು ಒಪ್ಪಿಕೊಂಡೆ. ಗೋಡೆಯ ಅಡಿಗೆ ಬಳಿಯುತ್ತಿದ್ದ ‘ಹುರಮಂಜು’ ಎಂಬ ಕೆಂಪುಮಣ್ಣಿನ ಹೆಸರನ್ನು ಒಬ್ಬಳ ಅಜ್ಜಿ ಹೇಳಿಕೊಟ್ಟರು. ಪರ್ಶಿಯಾ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್ ದ್ವೀಪದ ಕೆಂಪುಮಣ್ಣಿನಿಂದ ಬಂದ ಹೆಸರದು. ಮರಾಠಿ, ಹಿಂದಿಗಳಲ್ಲಿಯೂ ಅದರ ಒಡಹುಟ್ಟುಗಳಿವೆ. ಹುರಮಂಜಿಗೂ, ಜಾಜಿ, ಕಾವಿ ಎಂಬ ಕೆಂಪುಮಣ್ಣುಗಳಿಗೂ ತಮ್ಮ ಊರುಗಳಲ್ಲಿ ಭೇದವಿದ್ದರೆ ದಯವಿಟ್ಟು ತಿಳಿಸಿರಿ.

ತಾನಾಗಿ ಇಳಿದ ಬಣ್ಣಕ್ಕೂ ನಾವು ಇಳಿಸಿದ ಬಣ್ಣಕ್ಕೂ ಬೇರೆ ಮಾತು ಬೇಕೆಂಬುದು ಬಾದಾಮಿಯ ಮೂರನೆಯ ಗುಹೆಯಲ್ಲಿ ಅರಿವಾಯಿತು. 578ರ ಶಾಸನವಿರುವ ಆ ಗುಹೆಯಲ್ಲಿ ವರ್ಣಚಿತ್ರಗಳ ಮಸುಕಾದ ಗುರುತುಗಳು ಇನ್ನೂ ಇವೆ. “ಇದು ತಿಳಿಗೆಂಪೇನ್ರಿ?” ಎಂದು ಒಬ್ಬ ಕೇಳಿದ. ಅಲ್ಲ, ಮಾಸಿದ ಕೆಂಪು ಎಂದೆ. ಮಾಸಿದ, ಕಂದಿದ, ಕಳೆಗುಂದಿದ, ಮಬ್ಬಾದ ಎಂಬ, ಕ್ರಿಯಾಪದಗಳಿಂದ ಹುಟ್ಟಿದ ಈ ಕೃದಂತಗಳು ಬಣ್ಣದ ಜೊತೆಗೆ ಅದರ ಕಥೆಯನ್ನೂ ಹೇಳುತ್ತವೆ. ‘ಕಂದು’ ಎಂಬ ಬಣ್ಣದ ಹೆಸರೇ ಬಾಡುವ ಕ್ರಿಯೆಯ ಹೆಸರೂ ಆಗಿದೆ.

ಇನ್ನೊಂದು ಮಾತು, ಸಂಕ್ಷೇಪವಾಗಿ. ‘ವರ್ಣಪ್ರಯೋಗಗಳು’ ಎಂಬ ಅಧ್ಯಾಯದ ಹೆಸರನ್ನು ತೆಗೆದು ‘ಹಚ್ಚಿ ನೋಡು’ ಎಂದು ಇಟ್ಟಿದ್ದೇನೆ. ಕೂಡಿಸಿ ನೋಡು, ಬೆರೆಸಿ ನೋಡು ಎನ್ನುವಾಗ ‘ನೋಡು’ ಪರೀಕ್ಷೆಯ ಅರ್ಥವನ್ನು ಕೊಡುತ್ತದೆ, ಬಣ್ಣದ ವಿಷಯದಲ್ಲಿ ಕಣ್ಣಿನ ನೋಟವೂ ಅದೇ ಆಗಿರುತ್ತದೆ. ‘ಸ್ಫೂರ್ತಿ’ಗೆ ‘ಹೊಳಹು’ ಎಂದು ಬರೆದಿದ್ದೇನೆ. “ನನಗ ಇವತ್ತ ಏನೂ ಹೊಳೀವಲ್ದರಿ” ಎಂದು ಖಾಲಿ ಹಾಳೆಯ ಮುಂದೆ ಕುಳಿತ ಮಗು ಹೇಳುವುದು ಆ ಧಾತುವಿನಲ್ಲಿಯೇ.

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟು. ‘ಗಾಢ’ವನ್ನು ಕೈಬಿಟ್ಟು ‘ಕಡು’ ಮತ್ತು ‘ಅಚ್ಚ’ಗಳನ್ನು ಹೀಗೆ ಬೇರ್ಪಡಿಸಿದರೆ ತಮ್ಮ ಕಡೆಯ ಬಳಕೆಗೆ ವಿರುದ್ಧವಾಗುತ್ತದೆಯೇ? ‘ರಂಗು’ವಿಗೆ ತುಂಬಿನ ಅರ್ಥವನ್ನು ಕೊಡುವುದಕ್ಕೆ ನಿಮ್ಮ ಊರಿನ ಮಾತಿನಲ್ಲಿ ಆಧಾರವಿದೆಯೇ, ಇಲ್ಲವೇ ಅದು ನನ್ನೊಬ್ಬಳ ಕಿವಿಯದೇ? ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದೇ ಕೆಂಪಿನ ಎರಡು ಲಡಿಗಳಲ್ಲಿ ಒಂದು ಹೆಚ್ಚು ಬಣ್ಣ ಹಿಡಿದಾಗ, ಇನ್ನೊಂದು ಕಪ್ಪಿನ ಕಡೆಗೆ ಹೋದಾಗ, ಅವೆರಡನ್ನೂ ಯಾವ ಮಾತುಗಳಿಂದ ಬೇರೆ ಮಾಡುತ್ತೀರಿ ಎಂದು ಬರೆದು ಉಪಕರಿಸಬೇಕು.