ಪದಚರ್ಚೆ: ತುಕ್ಕಿಗೆ ಡಿಸ್ಕ್ ‘ಹಿಡ್ಕೊಂಡಿದೆ’ಯೋ, ‘ಕಚ್ಚಿಕೊಂಡಿದೆ’ಯೋ?

ಎಲ್ಲರಿಗೂ ನಮಸ್ಕಾರ.

ಕಾರಿನ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಬದಲಿಸುವ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಈ ಕೆಲಸವನ್ನು ತಾವೇ ಮಾಡಿಕೊಳ್ಳುವವರಿಗಾಗಿ. ಎರಡು ದಿನದಿಂದ ಒಂದೇ ಒಂದು ಕ್ರಿಯಾಪದದ ಹತ್ತಿರ ನಿಂತಿದ್ದೇನೆ.

ವಿಷಯ ಇದು. ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಳಚಿ, ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳದ ಹಾಗೆ ತಂತಿಯಲ್ಲಿ ಕಟ್ಟಿ, ಅದು ಕೂರುವ ಬ್ರಾಕೆಟ್ಟನ್ನೂ ತೆಗೆದ ಮೇಲೆ ಡಿಸ್ಕ್ ಸುಮ್ನೆ ಕೈಗೆ ಬರಬೇಕು. ಅದನ್ನು ಹಬ್‌ಗೆ, ಅಂದರೆ ಚಕ್ರ ಬಂದು ಕೂರುವ ಗುಂಬಕ್ಕೆ, ಒತ್ತಿ ಹಿಡಿದಿದ್ದು ಚಕ್ರದ ನಟ್ಟುಗಳೇ. ಕೆಲವು ಕಾರುಗಳಲ್ಲಿ ಒಂದೆರಡು ಸಣ್ಣ ಸ್ಕ್ರೂ ಇರುತ್ತವೆ, ಅಷ್ಟೇ. ಆದರೆ ಹಳೆಯ ಕಾರಿನಲ್ಲಿ ಎಲ್ಲ ಬಿಚ್ಚಿದರೂ ಡಿಸ್ಕ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹಬ್‌ನ ನಡುಭಾಗ ಡಿಸ್ಕಿನ ತೂತಿನೊಳಗೆ ಕೂರುವ ಕಡೆ ಸಂದಿ ತೀರಾ ಕಡಿಮೆ. ಅಲ್ಲಿಗೆ ನೀರು ಇಳಿದು ತುಕ್ಕು ಬೆಳೆಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಸುತ್ತಲೂ ಬೆಣೆ ಹೊಡೆದ ಹಾಗೆ ಆಗಿಬಿಡುತ್ತದೆ.

ಈ ಸ್ಥಿತಿಗೆ ಏನನ್ನಬೇಕು?

ಮೊದಲು ‘ಡಿಸ್ಕ್ ಹಿಡ್ಕೊಂಡಿದೆ’ ಅಂತಲೇ ಬರೆದಿದ್ದೆ. ಬಾಯಿಗೆ ಬರುವ ಮಾತು ಅದೇ ಅಲ್ವಾ? ಕಾರಿನ ಕೆಲಸ ಬಲ್ಲ ಗೆಳೆಯರೊಬ್ಬರಿಗೆ ಓದಲು ಕೊಟ್ಟೆ. ‘ಯಾಕೆ, ಪ್ಯಾಡ್ ಬಿಡ್ತಾ ಇಲ್ವಾ?’ ಅಂದರು. ಅವರ ಮನಸ್ಸು ನೇರವಾಗಿ ಕ್ಯಾಲಿಪರ್ ಕಡೆ ಹೋಯಿತು. ಅದು ಸಹಜ. ಬ್ರೇಕಿನ ಮಾತಿನಲ್ಲಿ ‘ಹಿಡಿ’ಗೆ ಆಗಲೇ ಬೇರೆ ಕೆಲಸ ಇದೆ. ‘ಬ್ರೇಕ್ ಹಿಡೀತಿಲ್ಲ’ ಅಂದರೆ ತುಳಿದರೂ ಗಾಡಿ ನಿಲ್ಲುತ್ತಿಲ್ಲ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದರೂ ಪ್ಯಾಡ್ ಬಿಡುತ್ತಿಲ್ಲ. ಒಂದು ‘ಕೊಳ್ಳು’ ಸೇರಿದ್ದಕ್ಕೇ ರೋಗ ಪೂರ್ತಿ ಬೇರೆಯಾಯಿತು. ಇದರ ಮೇಲೆ ‘ತುಕ್ಕು ಹಿಡಿ’ ಅನ್ನುವುದೂ ಇದೆ. ‘ತುಕ್ಕು ಹಿಡಿದು ಡಿಸ್ಕ್ ಹಿಡ್ಕೊಂಡಿದೆ’ ಅಂತ ಬರೆದರೆ ಹೊಸಬರು ಏನಂತ ತಿಳಿಯಬೇಕು?

‘ಜಾಮ್ ಆಗಿದೆ’ಗೂ ಇದೇ ತೊಂದರೆ. ಚಕ್ರವೇ ತಿರುಗುತ್ತಿಲ್ಲ ಅನ್ನಿಸುತ್ತದೆ. ಇಲ್ಲಿ ಚಕ್ರ ಚೆನ್ನಾಗಿಯೇ ತಿರುಗುತ್ತಿತ್ತು. ‘ಅಂಟಿಕೊಂಡಿದೆ’ ಅಂದರೆ ಕೈಯಲ್ಲಿ ಸುಲಿದರೆ ಬರುತ್ತದೆ ಅನ್ನುವ ಭಾವನೆ. ‘ಬೆಸೆದುಕೊಂಡಿದೆ’ ಅಂದರೆ ಎರಡೂ ಒಂದೇ ಆಗಿಹೋದ ಹಾಗೆ, ಇನ್ನು ಬಿಡುವುದೇ ಇಲ್ಲ ಅನ್ನುವಷ್ಟು ಗಟ್ಟಿ.

ನನಗೆ ಒಪ್ಪಿಗೆಯಾದದ್ದು ‘ಕಚ್ಚಿಕೊಂಡಿದೆ’. ‘ಹಬ್‌ಗೆ ಡಿಸ್ಕ್ ತುಕ್ಕಿನಿಂದ ಕಚ್ಚಿಕೊಂಡಿದೆ.’ ಯಾವುದು ಯಾವುದನ್ನು ಅಂತ ಸ್ಪಷ್ಟ. ಕಚ್ಚಿದ್ದು ಬಿಡಬಹುದು ಅನ್ನುವುದೂ ಮಾತಿನಲ್ಲೇ ಇದೆ. ನನ್ನ ಕಾರಿನ ಮುಂದಿನ ಡಿಸ್ಕ್ ತೆಗೆದ ದಿನ ಇದು ಮನಸ್ಸಿಗೆ ನಾಟಿತು. ತುಕ್ಕು ಬಿಡಿಸುವ ಎಣ್ಣೆಯನ್ನು ನಡುವಿನ ತೂತಿನ ಸುತ್ತ ಹಾಕಿ, ಒಂದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಕಾಫಿ ಗಸಿಯಂಥ ಕೆಂಗಂದು ಗೆರೆ. ಡಿಸ್ಕಿನ ಮುಖದ ತೂತಿಗೆ ಬೋಲ್ಟ್ ಹಾಕಿ ಬಿಗಿಯುತ್ತಾ ಹೋದೆ. ಏನೂ ಆಗಲಿಲ್ಲ. ಇನ್ನೊಂದು ಕಾಲು ಸುತ್ತು. ‘ಟಪ್’ ಅಂತ ಬಿಟ್ಟಿತು. ಕೆಂಪು ಪುಡಿ ನನ್ನ ಪಾದದ ಮೇಲೆ ಉದುರಿತು. ಆ ಹೊತ್ತಿಗೆ ‘ಬಂತು’ ಅನ್ನುವುದಕ್ಕಿಂತ ‘ಬಿಡ್ತು’ ಅನ್ನುವುದೇ ಬಾಯಿಗೆ ಬಂದದ್ದು. ಅದಕ್ಕೇ ಅಧ್ಯಾಯದ ಹೆಸರಿನಲ್ಲಿ ‘ತೆಗೆಯುವುದು’ ಹೊಡೆದುಹಾಕಿ ‘ಬಿಡಿಸುವುದು’ ಅಂತ ಮಾಡಿದ್ದೇನೆ. ಮೊದಲು ಬಿಡಿಸಬೇಕು, ಆಮೇಲೆ ತೆಗೆಯಬೇಕು. ಎರಡೂ ಬೇರೆ ಬೇರೆ ಹೆಜ್ಜೆ.

ಆ ಬೋಲ್ಟಿನ ಹೆಸರೇ ನನ್ನ ಎರಡನೇ ಪ್ರಶ್ನೆ. ತುಂಬಾ ಡಿಸ್ಕುಗಳ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಎಷ್ಟೋ ಕಾರುಗಳಲ್ಲಿ ಅವಕ್ಕೆ 8 ಮಿ.ಮೀ. ಬೋಲ್ಟ್ ಸರಿಹೊಂದುತ್ತದೆ. ಬೋಲ್ಟ್ ತಿರುಗಿಸಿದಂತೆ ಅದರ ತುದಿ ಹಿಂದಿರುವ ಹಬ್‌ಗೆ ಒತ್ತುತ್ತದೆ, ಡಿಸ್ಕ್ ಹೊರಗೆ ಬರುತ್ತದೆ. ‘ಎಳೆಯುವ ಬೋಲ್ಟ್’ ಅಂತ ಬರೆದದ್ದನ್ನು ಕಂಡಿದ್ದೇನೆ. ಅದು ಎಳೆಯುವುದೇ ಇಲ್ಲ. ‘ನೂಕುಬೋಲ್ಟ್’ ಅನ್ನಬಹುದಾ? ನೂಕುಗಾಡಿ ಇರುವ ಭಾಷೆಯಲ್ಲಿ ನೂಕುಬೋಲ್ಟ್ ಪರಕೀಯ ಅನಿಸಲಾರದು. ‘ಮೀಟು’ ಮಾತ್ರ ಬೇಡ. ಓದಿದವರು ಸ್ಕ್ರೂಡ್ರೈವರ್ ತಂದು ಹಿಂದಿನ ತೆಳು ತಗಡಿಗೆ ಆನಿಸಿ ಮೀಟಿದರೆ ತಗಡು ಬಗ್ಗುತ್ತದೆ.

ಇಲ್ಲೇ ಇನ್ನೊಂದು ತಪ್ಪು ಮಾಡಿದ್ದೆ. ‘ಎರಡೂ ಬೋಲ್ಟನ್ನು ಒಂದಾದ ಮೇಲೊಂದು ಬಿಗಿಯಿರಿ’ ಅಂತ ಬರೆದಿದ್ದೆ. ಹಾಗಂದರೆ ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಕೈಹಾಕುತ್ತಾರೆ. ಡಿಸ್ಕ್ ಓರೆಯಾಗಿ ಇನ್ನೂ ಜೋರಾಗಿ ಕಚ್ಚುತ್ತದೆ, ಥ್ರೆಡ್ ಹೋಗಲೂಬಹುದು. ಈಗ ‘ಇದಕ್ಕೆ ಕಾಲು ಸುತ್ತು, ಅದಕ್ಕೆ ಕಾಲು ಸುತ್ತು’ ಅಂತ ತಿದ್ದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳುವ ಮಾತು ಸಿಕ್ಕಿಲ್ಲ.

ಸುತ್ತಿಗೆಯ ಪೆಟ್ಟಿಗೆ ನಮ್ಮಲ್ಲಿ ಪದ ಬೇಕಾದಷ್ಟಿವೆ. ಮತ್ತೆ ಹಾಕುವ ಡಿಸ್ಕಾದರೆ ‘ತಟ್ಟಿ’, ಅದೂ ರಬ್ಬರ್ ಸುತ್ತಿಗೆಯಲ್ಲಿ, ಸುತ್ತಲೂ ಸ್ವಲ್ಪ ಸ್ವಲ್ಪ. ಎಸೆಯುವ ಡಿಸ್ಕಾದರೆ ‘ಬಡಿಯಿರಿ’. ಡಿಸ್ಕ್ ಎರಕದ ಕಬ್ಬಿಣ, ಬಲವಾದ ಪೆಟ್ಟಿಗೆ ಬಿರುಕು ಬಿಡಬಹುದು. ಹಾಗಾಗಿ ಈ ಎರಡು ಪದಗಳನ್ನು ಎಲ್ಲೂ ಕಲಸಬಾರದು ಅಂತ ನಿಯಮ ಹಾಕಿಕೊಂಡಿದ್ದೇನೆ.

ತುಕ್ಕಿಗೂ ಅಂಥ ಮೆಟ್ಟಿಲುಗಳಿವೆ. ಮಳೆಯಲ್ಲಿ ನಿಂತ ಕಾರಿನ ಡಿಸ್ಕಿಗೆ ತುಕ್ಕು ‘ಬಂದಿದೆ’. ನಾಲ್ಕು ಸಲ ಬ್ರೇಕ್ ತುಳಿದರೆ ಉಜ್ಜಿ ಹೋಗುತ್ತದೆ. ಹಬ್‌ನ ಸಂದಿಯಲ್ಲಿ ‘ಹಿಡಿದಿದೆ’. ಅಂಚು ಪದರ ಪದರವಾಗಿ ಏಳುತ್ತಿದ್ದರೆ ‘ತಿಂದಿದೆ’. ‘ಕಿಲುಬು’ ತಾಮ್ರ, ಹಿತ್ತಾಳೆಯದು, ಇಲ್ಲಿಗೆ ಬೇಡ. ತೆಲುಗಿನ ತುಪ್ಪು, ತಮಿಳಿನ ತುರು, ಮಲಯಾಳದ ತುರುಂಬು, ನಮ್ಮ ತುಕ್ಕು. ಎಲ್ಲಕ್ಕೂ ತುಟಿಗೆ ಮೊದಲು ಬರುವುದು ‘ತು’ ಅನ್ನುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.

ಇನ್ನೂ ಬಗೆಹರಿಯದ್ದು ಹಿಂದಿನ ಚಕ್ರ. ಕೆಲವು ಕಾರುಗಳಲ್ಲಿ ಡಿಸ್ಕಿನ ಟೊಪ್ಪಿಯ (ನಡುವಿನ ಉಬ್ಬು ಭಾಗ) ಒಳಗೇ ಹ್ಯಾಂಡ್‌ಬ್ರೇಕಿನ ಶೂ, ಅಂದರೆ ಒಳಗಿನಿಂದ ಒತ್ತಿ ತಡೆಯುವ ಬಾಗಿದ ಪಟ್ಟಿ, ಇರುತ್ತದೆ. ಡಿಸ್ಕಿನ ಒಳಗೆ ಸವೆದು ಉಳಿದ ಉಬ್ಬಿದ ಅಂಚಿಗೆ ಶೂ ತಾಗಿ, ಡಿಸ್ಕ್ ಒಂದಿಷ್ಟು ಸರಿದು ನಿಂತುಬಿಡುತ್ತದೆ. ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ, ಅಡ್ಜಸ್ಟರ್ ತಿರುಗಿಸಿ ಶೂ ಒಳಗೆಳೆಯಬೇಕು. ಇದು ಕಚ್ಚಿಕೊಂಡದ್ದೂ ಅಲ್ಲ, ಹಿಡಿದುಕೊಂಡದ್ದೂ ಅಲ್ಲ. ‘ತಡೆಯುತ್ತಿದೆ’ ಅಂದರೆ ಪೇಲವ. ‘ಕೊಕ್ಕೆ ಬಿದ್ದಿದೆ’ ಅನ್ನಲೇ? ಈ ಕೆಲಸ ಮಾಡಿದವರು ನಿಮ್ಮಲ್ಲಿದ್ದರೆ, ಆ ಗಳಿಗೆಯಲ್ಲಿ ನಿಮ್ಮ ಬಾಯಿಂದ ಬಂದ ಮಾತು ಯಾವುದು ಅಂತ ದಯವಿಟ್ಟು ಬರೆಯಿರಿ. ‘ನೂಕುಬೋಲ್ಟ್’ ಬಗ್ಗೆಯೂ.