ಪುಟ್ಟಿ, ಇವತ್ತೇ ಹೋಗಿ ಕೇಳು

ಪುಟ್ಟಿ, ದೊಡ್ಡಮ್ಮ ಮಾತಾಡ್ತಿದ್ದೀನಿ. ನಿನ್ನ ಮೆಸೇಜ್ ಈಗ ನೋಡಿದೆ. ಪಾರ್ಸೆಲ್ ಡೆಲಿವರಿ ಆಗಿದೆ ಅಂತ ಆ್ಯಪ್ ತೋರಿಸುತ್ತಿದೆ, ಮನೆಗೆ ಏನೂ ಬಂದಿಲ್ಲ, ಫೋಟೋ ನೋಡಿದರೆ ಹಿಂದಿನ ಕ್ರಾಸ್‌ನವರ ಗೇಟ್ ಇದ್ದ ಹಾಗಿದೆ, ಪರಿಚಯ ಇಲ್ಲದವರ ಮನೆಗೆ ಹೋಗಿ ಹೇಗೆ ಕೇಳೋದು, ನಾಳೆವರೆಗೆ ನೋಡಲಾ ಅಂತ ಕೇಳಿದ್ದೀಯ. ನೋಡಬೇಡ. ಇವತ್ತೇ ಹೋಗು. ಸಂಕೋಚ ಪಟ್ಟುಕೊಂಡು ಕೂತರೆ ಏನಾಗುತ್ತೆ ಅಂತ ಈ ಗ್ರೂಪಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಮ್ಮ ಮನೆ ನಂಬರ್ ಕಥೆ ನಿಮಗೆಲ್ಲ ಗೊತ್ತಲ್ಲ. ಹಳೇದು 27, ಹೊಸದು 14. ನಾಲ್ಕು ಮನೆ ಆಚೆ ಇರುವವರದ್ದು ಹಳೇದು 14. ಅವರು ಆ ಹಳೇ ಬೋರ್ಡನ್ನು ಇನ್ನೂ ಕಿತ್ತಿಲ್ಲ. ಬನಶಂಕರಿ ಎರಡನೇ ಸ್ಟೇಜ್ ಪೂರ್ತಿ ಇದೇ ಗೋಳು. ಅದರ ಮೇಲೆ ಮೂರನೇ ಸ್ಟೇಜಿನಲ್ಲೂ ಇದೇ ಕ್ರಾಸ್ ನಂಬರ್ ಇರುತ್ತೆ, ಪಿನ್‌ಕೋಡ್ 560070 ಹೋಗಿ 560085 ಆದರೆ ಮುಗೀತು, ಸಾಮಾನು ಅಲ್ಲಿಗೆ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಧಾರವಾಡದ ತಂಗಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂದು ಡಬ್ಬಿ ಪೇಡ ಕೊರಿಯರ್ ಮಾಡಿದ್ದಳು. ಸುಮ್ನೆ ಸೀರೆ ಅಲ್ಲ ಅದು, ಸೆರಗನ್ನು ಒಡಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ನೇಯ್ದ ಕೈಮಗ್ಗದ್ದು, ಕೆಂಪು ಸೆರಗು, ಬಿಳೀ ತೆನೆ. ಕಳಿಸೋ ಮುಂಚೆ ಫೋಟೋ ಹಾಕಿದ್ದಳು. ಸೋಮವಾರ ಡೆಲಿವರಿ ಆಯ್ತು ಅಂತ ಮೆಸೇಜ್ ಬಂತು. ಸಾಮಾನು ಇಲ್ಲ. ನಾನು ಅವತ್ತೇ ಅಂದೆ, ಆ ಹಳೇ 14ಕ್ಕೆ ಹೋಗಿ ಕೇಳಿ ಬನ್ನಿ ಅಂತ. ನಿಮ್ಮ ದೊಡ್ಡಪ್ಪ ಕೇಳಬೇಕಲ್ಲ! ಕೊರಿಯರ್‌ನವರು 48 ಗಂಟೆ ಕಾಯಿರಿ ಅಂದರಂತೆ, ಕಾದರು. ಆಮೇಲೆ ಇನ್ನೊಂದು ದಿನ ಅಂದರು, ಅದನ್ನೂ ಕಾದರು. ನಾಲ್ಕು ಮನೆ ದೂರ ನಡೆಯೋಕೆ ಮರ್ಯಾದೆ ಅಡ್ಡ ಬಂತು.

ಶುಕ್ರವಾರ ಸಂಜೆ ಆ ಮನೆಯಿಂದ ಅರಿಶಿನ ಕುಂಕುಮಕ್ಕೆ ಕರೆದರು. ಹೋದೆ. ಆಯಮ್ಮ ಬಾಗಿಲು ತೆಗೆದರೆ, ಮೈಮೇಲೆ ನನ್ನ ಸೀರೆ! ಖಣ ಆಗಲೇ ರವಿಕೆ ಆಗಿದೆ, ಅವರ ಅಳತೆಗೆ. ಹಬ್ಬದ ವಾರ ಯಾವ ಟೈಲರ್ ನಾಲ್ಕು ದಿನದಲ್ಲಿ ಹೊಲಿದು ಕೊಡುತ್ತಾನೆ ಹೇಳು, ಅವರಿಗೆ ಕೊಟ್ಟಿದ್ದ. ತಟ್ಟೆಯಲ್ಲಿ ನನಗೇ ನಮ್ಮ ಪೇಡ ಕೊಟ್ಟರು. ಸೊಸೆ ಹುಬ್ಬಳ್ಳಿ ಕಡೆಯವಳು, ತವರಿನಿಂದ ಬಂತು ಅಂದುಕೊಂಡರಂತೆ. ಡಬ್ಬಿ ಮೇಲೆ ನನ್ನ ಹೆಸರು ಇಷ್ಟು ದಪ್ಪಕ್ಕೆ ಬರೆದಿತ್ತು. ಯಾರು ಓದುತ್ತಾರೆ? ದಿನಕ್ಕೆ ಹತ್ತು ಡಬ್ಬಿ ಬರುವ ಮನೆ, ಟೇಪ್ ಕಂಡರೆ ಕತ್ತರಿ. ಅದಕ್ಕೇ ಹೇಳ್ತಿರೋದು, ನಾಳೆ ಅನ್ನಬೇಡ, ಅವರು ಒಡೆಯೋ ಮುಂಚೆ ಇವತ್ತೇ ಹೋಗು.

ಸೀರೆ ಮಾರನೇ ದಿನ ವಾಪಸ್ ಬಂತು ಬಿಡು, ಸೆರಗಿನ ಮೇಲೆ ಎಣ್ಣೆ ಕಲೆ ಸಮೇತ. ಅದಕ್ಕಿಂತ ಬೇಜಾರು ಏನು ಗೊತ್ತಾ? ನಮ್ಮ ಧಾರವಾಡದವಳು ಇವತ್ತಿಗೂ ಇದನ್ನು ನಂಬಲ್ಲ. ಅಕ್ಕ ಯಾರಿಗೋ ದಾಟಿಸಿ ಕಥೆ ಕಟ್ಟಿದಳು ಅಂತ ಅವಳ ಓರಗಿತ್ತಿ ಹತ್ರ ಹೇಳಿದ್ದಾಳೆ, ನನ್ನ ಕಿವಿಗೆ ಬಿದ್ದಿದೆ. ಧಾರವಾಡದವಳೇ, ನೀನೂ ಈ ಗ್ರೂಪಿನಲ್ಲೇ ಇದ್ದೀಯಲ್ಲ, ಕೇಳಿಸ್ಕೋ. ಅವಳ ಮಗಳ ಮದುವೆಯಲ್ಲಿ ಎಲ್ಲರಿಗೂ ಇಳಕಲ್, ನನಗೊಬ್ಬಳಿಗೆ ಸ್ಟೀಲ್ ಡಬ್ಬ! ನಾನೇನಾದರೂ ಬಾಯಿ ಬಿಟ್ಟೆನಾ? ಬಿಡಲಿಲ್ಲ. ಆ ಡಬ್ಬದ ಮುಚ್ಚಳ ಕೂಡ ಸರಿ ಕೂರಲ್ಲ.

ಏನೋ ಹೇಳೋಕೆ ಬಂದು ಎಲ್ಲಿಗೋ ಹೋದೆ. ಪುಟ್ಟಿ, ಹೋಗೋ ಮುಂಚೆ ಆ ಗೇಟಿನ ಫೋಟೋ, ಆರ್ಡರ್ ನಂಬರ್ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಹೋಗಿ, ನೀವು ಇಟ್ಟುಕೊಂಡಿದ್ದೀರಾ ಅಂತ ಶುರು ಮಾಡಬೇಡ. ನಮ್ಮ ಹೆಸರಿನ ಪಾರ್ಸೆಲ್ ತಪ್ಪಿ ಇಲ್ಲಿಗೆ ಬಂದಿದೆಯಾ, ಸ್ವಲ್ಪ ನೋಡ್ತೀರಾ ಅಂತ ಕೇಳು, ಆಮೇಲೆ ಫೋಟೋ ತೋರಿಸು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೆಸರು, ಫೋನ್ ನಂಬರ್ ಬರೆದ ಚೀಟಿ ಗೇಟಿಗೆ ಸಿಕ್ಕಿಸಿ ಬಾ. ಸಿಕ್ಕಿದರೆ ಡಬ್ಬಿ ಒಡೆಯುವಾಗ ವಿಡಿಯೋ ಮಾಡು.

ಸಿಗಲಿಲ್ಲ ಅಂದ್ರೆ ಆ್ಯಪ್‌ನಲ್ಲೇ ಕಂಪ್ಲೇಂಟ್ ಹಾಕು. 2020ರ ಇ-ಕಾಮರ್ಸ್ ನಿಯಮದಲ್ಲಿ ಇದೆಯಂತೆ, ದೂರು ಬಂತು ಅಂತ ಕಂಪನಿಯವರು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು, ನಿಮ್ಮ ಲಾಯರ್ ಭಾವ ಹೇಳಿದ್ದು. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ಸಹಾಯವಾಣಿ 1915. ಈ ಮಧ್ಯೆ ಯಾರಾದರೂ ಫೋನ್ ಮಾಡಿ, ನಿಮ್ಮ ಪಾರ್ಸೆಲ್ ನಮ್ಮ ಹತ್ರ ಇದೆ, ಓಟಿಪಿ ಹೇಳಿ, ಸ್ಟಾರ್ ಇರೋ ಯಾವುದೋ ಕೋಡ್ ಒತ್ತಿ ಅಂದರೆ ತಕ್ಷಣ ಕಟ್ ಮಾಡು. ಆ ಕೋಡ್ ನಿನ್ನ ಕಾಲ್‌ಗಳನ್ನೆಲ್ಲ ಅವರ ಫೋನಿಗೆ ತಿರುಗಿಸೋ ಉಪಾಯ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಬೇಕು.

ಪಾರ್ಸೆಲ್ ಸಿಕ್ಕಿದ ಮೇಲೆ ಕಂಪ್ಲೇಂಟ್ ವಾಪಸ್ ತಗೊಳ್ಳೋದು ಮರೀಬೇಡ, ಪಾಪ, ಆ ಡೆಲಿವರಿ ಹುಡುಗನ ಸಂಬಳದಲ್ಲಿ ಹಿಡಿದುಕೊಂಡಾರು.