ಡಿಸಿಎಸ್ (ಯುದ್ಧವಿಮಾನ ಹಾರಿಸೋ ಸಿಮ್ಯುಲೇಟರ್ ಗೇಮ್): ಮಸ್ಟಾಂಗ್‌ಗೆ ಆಟೋ ಟ್ರಿಮ್ ಇದೆಯಾ?

ಬಾಲಚಕ್ರ:
ಜೆಟ್ ವಿಮಾನ ಎಫ್/ಎ-18ಸಿ ಹಾರ್ನೆಟ್‌ನಲ್ಲಿ ಚಕ್ರ ಎತ್ತಿ ಫ್ಲಾಪ್ (ರೆಕ್ಕೆಯ ಮಡಚುವ ಅಂಚು) ಆಟೋಗೆ ಹಾಕಿದರೆ ಮುಗೀತು, ಸ್ಟಿಕ್ ಬಿಟ್ಟರೂ ಮೂಗು ಇದ್ದಲ್ಲೇ ಇರುತ್ತೆ. ಎರಡನೇ ಮಹಾಯುದ್ಧದ ಪಿ-51ಡಿ ಮಸ್ಟಾಂಗ್‌ನಲ್ಲಿ ಥ್ರಾಟಲ್ ಮುಟ್ಟಿದರೆ ಸಾಕು, ಮೂಗು ಒಂದು ಕಡೆ, ಬಾಲ್ (ವಿಮಾನ ಅಡ್ಡ ಜಾರೋದನ್ನು ತೋರಿಸೋ ಗುಂಡು) ಇನ್ನೊಂದು ಕಡೆ. ಆಪ್ಷನ್ಸ್‌ನಲ್ಲಿ ಆಟೋ ಟ್ರಿಮ್ (ಸ್ಟಿಕ್ ಒತ್ತಿ ಹಿಡಿಯದೆಯೂ ವಿಮಾನ ನೆಟ್ಟಗೆ ಹಾರೋ ಹಾಗೆ ತಾನೇ ಹೊಂದಿಸೋದು) ಎಲ್ಲಾದರೂ ಅಡಗಿದೆಯಾ? ಅಂದಹಾಗೆ ಹಾರ್ನೆಟ್ ಕೂಡ ಇಳಿಯುವಾಗ ಮಾತ್ರ ಮೂಗು ಕೆಳಗೆ ಹಾಕುತ್ತೆ, ಯಾಕೆ? ನನ್ನದು ಸ್ಪ್ರಿಂಗ್ ಜಾಯ್‌ಸ್ಟಿಕ್, ಫೋರ್ಸ್ ಫೀಡ್‌ಬ್ಯಾಕ್ ಇಲ್ಲ.

ನೀಲಿಗಿಡುಗ:
ಮೊದಲು ಹಾರ್ನೆಟ್. ಅಲ್ಲಿ ಆಟೋ ಟ್ರಿಮ್ ಅನ್ನೋದು ಗೇಮ್ ಕೊಟ್ಟ ಸಹಾಯ ಅಲ್ಲ, ವಿಮಾನದ ಕಂಪ್ಯೂಟರ್ ಮಾಡೋ ಕೆಲಸ. ಫ್ಲಾಪ್ ಆಟೋದಲ್ಲಿದ್ದಾಗ ಅದು 1 ಜಿ (ನೆಟ್ಟಗೆ ಹಾರುವಾಗಿನ ಮಾಮೂಲಿ ಭಾರ) ಹಿಡಿದಿಡುತ್ತೆ. ಫ್ಲಾಪ್ ಹಾಫ್ ಅಥವಾ ಫುಲ್‌ಗೆ ಹಾಕಿ ವೇಗ ಇಳಿಸಿದ ಮೇಲೆ ಲೆಕ್ಕವೇ ಬೇರೆ: ಜಿ ಬದಲು ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆಯ ಕೋನ) ಹಿಡಿಯುತ್ತೆ. ಎಷ್ಟು ಹಿಡಿಯಬೇಕು ಅಂತ ನೀವೇ ಸ್ಟಿಕ್ ಮೇಲಿನ ಟ್ರಿಮ್ ಗುಂಡಿಯಿಂದ (ಹ್ಯಾಟ್) ಹೇಳಬೇಕು. ಆನ್-ಸ್ಪೀಡ್ (ಇಳಿಯೋಕೆ ಸರಿಯಾದ ಕೋನ) ಅಂದರೆ 8.1 ಡಿಗ್ರಿ. ಹಡ್‌ನಲ್ಲಿ (ಕಣ್ಣೆದುರಿನ ಗಾಜಿನ ಪರದೆ) ವೆಲಾಸಿಟಿ ವೆಕ್ಟರ್ (ವಿಮಾನ ಸಾಗುತ್ತಿರೋ ದಿಕ್ಕಿನ ಗುರುತು) ಇ-ಬ್ರಾಕೆಟ್ (E ಆಕಾರದ ಗುರುತು) ನಡುವೆ ಬಂದು, ಪಕ್ಕದ ಇಂಡೆಕ್ಸರ್ ದೀಪಗಳಲ್ಲಿ ಹಳದಿ ದುಂಡು ಮಾತ್ರ ಉರಿಯೋವರೆಗೂ ಮೂಗು ಮೇಲಕ್ಕೆ ಟ್ರಿಮ್ ಒತ್ತಿ. ಆಮೇಲೆ ಸ್ಟಿಕ್ ಎಳೆದಾಡಬೇಡಿ. ಏರೋದು ಇಳಿಯೋದು ಥ್ರಾಟಲ್‌ನಿಂದ.

ಇನ್ನೊಂದು, ಒಂದೇ ರೆಕ್ಕೆಯಿಂದ ಬಾಂಬ್ ಬಿಟ್ಟರೆ ವಿಮಾನ ಭಾರ ಇರೋ ಕಡೆಗೆ ವಾಲುತ್ತೆ. ರೋಲ್ ಟ್ರಿಮ್ ನಿಮ್ಮದೇ ಜವಾಬ್ದಾರಿ.

ಮೆರ್ಲಿನ್‌_ಪ್ರಿಯ:
ಮಸ್ಟಾಂಗ್‌ಗೆ ಆಟೋ ಟ್ರಿಮ್ ಇಲ್ಲ. ಆಪ್ಷನ್ಸ್‌ನ ಸ್ಪೆಷಲ್ ಟ್ಯಾಬ್‌ನಲ್ಲಿ ಆಟೋ ರಡರ್ (ರಡರ್ ಅಂದರೆ ಮೂಗನ್ನು ಎಡಬಲ ತಿರುಗಿಸೋ ಬಾಲದ ಫಲಕ), ಟೇಕಾಫ್ ಅಸಿಸ್ಟೆನ್ಸ್ ಅಂತ ಎರಡು ಇವೆ, ಅವೂ ಟ್ರಿಮ್ ಅಲ್ಲ. ಪೆಡಲ್ ಇದ್ದರೆ ಎರಡನ್ನೂ ತೆಗೆದುಬಿಡಿ. ನೀವು ಒಂದು ಕಡೆ ಒತ್ತುವಾಗ ಅದೂ ಒತ್ತುತ್ತಿದ್ದರೆ ಬಾಲ್ ಯಾಕೆ ಓಡಿತು ಅಂತ ಗೊತ್ತೇ ಆಗಲ್ಲ.

ಟೇಕಾಫ್‌ಗೆ ರಡರ್ ಟ್ರಿಮ್ ಬಲಕ್ಕೆ 6 ಡಿಗ್ರಿ, ಏಲೆರಾನ್ (ರೆಕ್ಕೆ ವಾಲಿಸೋ ಫಲಕ) ಸೊನ್ನೆ. ಮೇಲೆ ಹೋದ ಮೇಲೆ ಮೊದಲು ಪವರ್ ಒಂದೇ ಮಟ್ಟದಲ್ಲಿ ಇಡಿ, ವೇಗ ಒಂದು ಕಡೆ ನಿಲ್ಲಲಿ. ವೇಗ ಇನ್ನೂ ಏರುತ್ತಿರುವಾಗಲೇ ಟ್ರಿಮ್ ಚಕ್ರ ತಿರುಗಿಸೋದೇ ಎಲ್ಲರೂ ಮಾಡೋ ತಪ್ಪು, ತನ್ನದೇ ಬಾಲ ಅಟ್ಟಿಸಿಕೊಂಡು ಓಡಿದ ಹಾಗೆ. ಸ್ಟಿಕ್‌ನಿಂದ ಮೂಗು ಹಿಡಿದುಕೊಂಡೇ ಎಲಿವೇಟರ್ (ಮೂಗು ಏರಿಸಿ ಇಳಿಸೋ ಫಲಕ) ಟ್ರಿಮ್ ಸ್ವಲ್ಪಸ್ವಲ್ಪ ತಿರುಗಿಸುತ್ತಾ ಕೈ ಸಡಿಲಿಸಿ. ಆಮೇಲೆ ರಡರ್‌ನಿಂದ ಬಾಲ್ ಮಧ್ಯಕ್ಕೆ. ಏಲೆರಾನ್ ಕೊನೆಗೆ, ಯಾಕೆಂದರೆ ಅಡ್ಡ ಜಾರುತ್ತಿದ್ದರೆ ಅದರಿಂದಲೇ ರೆಕ್ಕೆ ವಾಲುತ್ತೆ. ಅದನ್ನು ಏಲೆರಾನ್‌ನಿಂದ ಮುಚ್ಚಿದರೆ ಎರಡು ತಪ್ಪು ಸೇರಿ ನೆಟ್ಟಗೆ ಕಾಣುತ್ತೆ, ಅಷ್ಟೇ.

ನಿಧಾನ ವೇಗ, ಜಾಸ್ತಿ ಪವರ್ ಇದ್ದರೆ ಬಲ ರಡರ್ ಬೇಕು. ಡೈವ್‌ನಲ್ಲಿ ಉಲ್ಟಾ, ಎಡಕ್ಕೆ. ಶತ್ರು ವಿಮಾನದ ಜೊತೆ ಕಾದಾಟದ ಮಧ್ಯೆ ಪ್ರತಿ ತಿರುವಿಗೂ ಟ್ರಿಮ್ ಮಾಡೋಕೆ ಹೋಗಬೇಡಿ. 250–300 ಮೈಲಿ ವೇಗಕ್ಕೆ ಹೊಂದಿಸಿಟ್ಟು ಉಳಿದದ್ದು ಕೈಕಾಲಿಗೆ ಬಿಡಿ. ಡೈವ್‌ನಿಂದ ಏಳೋಕೆ ಎಲಿವೇಟರ್ ಟ್ರಿಮ್ ಎಳೆಯೋದಂತೂ ಬೇಡವೇ ಬೇಡ, ರೆಕ್ಕೆ ಕಿತ್ತುಹೋಗುತ್ತೆ.

ಬಾಲಚಕ್ರ:
ಆಟೋ ರಡರ್ ತೆಗೆದೆ, ಬಾಲ್ ಈಗ ಮಾತು ಕೇಳುತ್ತಿದೆ. ಆದರೆ ಎಷ್ಟು ಟ್ರಿಮ್ ಮಾಡಿದರೂ ಎಡಕ್ಕೆ ರೋಲ್ ಆಗೋದು ನಿಲ್ಲುತ್ತಿಲ್ಲ.

ನೀಲಿಗಿಡುಗ:
ಹಾಗಾದರೆ ಟ್ರಿಮ್ ಅಲ್ಲ, ಆಕ್ಸಿಸ್ (ಯಾವ ಹಿಡಿಕೆ ಯಾವ ಚಲನೆಗೆ ಅನ್ನೋ ಹೊಂದಿಕೆ) ನೋಡಿ. ಡಿಸಿಎಸ್ ಹೊಸ ಮಾಡ್ಯೂಲ್‌ಗೆ (ಹೊಸ ವಿಮಾನಕ್ಕೆ) ಪಿಚ್ (ಮೂಗು ಮೇಲೆ-ಕೆಳಗೆ), ರೋಲ್ ಎರಡನ್ನೂ ಪೆಡಲ್, ಥ್ರಾಟಲ್‌ಗೂ ತಾನಾಗಿಯೇ ಹಚ್ಚಿಬಿಡುತ್ತೆ. ಕಂಟ್ರೋಲ್ಸ್‌ನಲ್ಲಿ ಆಕ್ಸಿಸ್ ಪಟ್ಟಿ ತೆಗೆದು, ರೋಲ್ ಸಾಲಿನಲ್ಲಿ ಸ್ಟಿಕ್ ಬಿಟ್ಟು ಬೇರೆ ಕಾಲಂನಲ್ಲಿ ಏನಿದ್ದರೂ ಅಳಿಸಿ. ಆಮೇಲೆ ರೈಟ್ ಕಂಟ್ರೋಲ್ + ಎಂಟರ್ ಒತ್ತಿ, ಸ್ಟಿಕ್ ಎಲ್ಲಿದೆ ಅಂತ ಪರದೆಯಲ್ಲಿ ಕಾಣುತ್ತೆ. ಕೈ ಬಿಟ್ಟಾಗ ಗುರುತು ನಟ್ಟನಡುವೆ ಇರಬೇಕು. ಸ್ವಲ್ಪ ಅಲುಗಾಡಿದರೆ 2–3 ಡೆಡ್‌ಜೋನ್ (ನಡುವೆ ಲೆಕ್ಕಕ್ಕೆ ಬಾರದ ಜಾಗ) ಸಾಕು.

ಮೆರ್ಲಿನ್‌_ಪ್ರಿಯ:
ಅದೂ ಸರಿ ಇದ್ದರೆ ಇಂಧನ ನೋಡಿ. ರೆಕ್ಕೆಯ ಟ್ಯಾಂಕ್‌ಗಳು ತಲಾ 92 ಗ್ಯಾಲನ್. ಬಲಗಡೆಯದನ್ನೇ ಖಾಲಿ ಮಾಡುತ್ತಾ ಹೋದರೆ ಎಡರೆಕ್ಕೆ ಭಾರವಾಗಿಯೇ ಆಗುತ್ತೆ, ಆಗಾಗ ಟ್ಯಾಂಕ್ ಬದಲಿಸುತ್ತಿರಿ. ಸೀಟಿನ ಹಿಂದಿನ 85 ಗ್ಯಾಲನ್ ಟ್ಯಾಂಕ್ ತುಂಬಿದ್ದರಂತೂ ಪಿಚ್ ಟ್ರಿಮ್ ನಿಲ್ಲೋದೇ ಇಲ್ಲ, ಭಾರ ಹಿಂದಕ್ಕೆ ಹೋಗಿರುತ್ತೆ. ಮಿಷನ್ ಎಡಿಟರ್‌ನಲ್ಲಿ ಇಂಧನ ಕಡಿಮೆ ಮಾಡಿ ಅಭ್ಯಾಸ ಮಾಡಿ.

ಹಳೇಹದ್ದು:
ಇಷ್ಟಕ್ಕೇ ಬೇಜಾರಾದರೆ ಜರ್ಮನಿಯ ಬಿಎಫ್ 109 ಕೆ-4 ಹತ್ತಿ ನೋಡಿ! ಅದರಲ್ಲಿ ಹಾರುವಾಗ ಬದಲಿಸೋಕಾಗೋದು ಸ್ಟೆಬಿಲೈಸರ್ (ಬಾಲದ ಅಡ್ಡ ರೆಕ್ಕೆ) ಒಂದೇ, ಸೀಟಿನ ಎಡಕ್ಕೆ ಫ್ಲಾಪ್ ಚಕ್ರದ ಪಕ್ಕದ ಚಕ್ರ. ರಡರ್, ಏಲೆರಾನ್ ಅಂಚಿನ ಪುಟ್ಟ ತಗಡುಗಳನ್ನು (ಟ್ರಿಮ್ ಟ್ಯಾಬ್) ನೆಲದ ಮೇಲೆ ಮೆಕ್ಯಾನಿಕ್‌ಗಳು ಬಗ್ಗಿಸಿ ಕೊಡುತ್ತಿದ್ದರು. ಡಿಸಿಎಸ್‌ನಲ್ಲಿ ಆ ಕೆಲಸಕ್ಕೆ ಸ್ಪೆಷಲ್ ಟ್ಯಾಬ್‌ನಲ್ಲಿ ಸ್ಲೈಡರ್‌ಗಳಿವೆ; ಮಿಷನ್ ಶುರುವಾಗೋ ಮುಂಚೆಯೇ ಇಡಬೇಕು. ಕ್ರೂಸ್ ವೇಗಕ್ಕೆ ಬಾಲ್ ನಿಲ್ಲೋ ಹಾಗೆ ಇಟ್ಟರೆ, ಮಿಕ್ಕ ವೇಗಗಳಿಗೆಲ್ಲ ಕಾಲೇ ಗತಿ.